ವೇಡರ್‌ಗಳ ಬೆಲೆ ಮತ್ತು ಬಾಳಿಕೆ: ಅಳೆಯುವ ಮಾನಗಳ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ತಣ್ಣೀರಿನ ಹೊಳೆಯಲ್ಲಿ ಇಳಿದು ನಿಂತು ಗಾಳ ಹಾಕುವವರು ಪಾದದಿಂದ ಎದೆಯವರೆಗೆ ತೊಡುವ ಜಲನಿರೋಧಕ ಉಡುಪು ವೇಡರ್. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಟ್ರೌಟ್, ಸಾಲ್ಮನ್ ಮೀನುಗಳ ಗಾಳಗಾರಿಕೆಯಲ್ಲಿ ಇದು ನಿತ್ಯದ ಸಾಧನ. ಅಲ್ಲಿನ ಮಾರುಕಟ್ಟೆಯಲ್ಲಿ ಅಗ್ಗದ ಜೋಡಿಗೂ ದುಬಾರಿ ಜೋಡಿಗೂ ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾದ ಬೆಲೆಯ ಅಂತರ ಕಾಣುತ್ತದೆ. ಈ ಅಂತರದ ಬಗ್ಗೆ ಎರಡು ವಾದಗಳು ರೂಢಿಯಲ್ಲಿವೆ. ದುಬಾರಿಯದು ಹೆಚ್ಚು ಕಾಲ ಬಾಳುವುದರಿಂದ ಕೊನೆಗೆ ಅದೇ ಅಗ್ಗ ಎನ್ನುವುದು ಮೊದಲನೆಯದು. ಎರಡೂ ಒಂದು ದಿನ ಸೋರುವುದರಿಂದ ಅಗ್ಗದ್ದೇ ಸಾಕು ಎನ್ನುವುದು ಎರಡನೆಯದು.

ಇವೆರಡರಲ್ಲಿ ಯಾವುದು ಸರಿ ಎಂಬುದಕ್ಕಿಂತ, ಎರಡೂ ವಾದಗಳು ಬಾಳಿಕೆಯನ್ನು ಯಾವ ಮಾನದಲ್ಲಿ ಅಳೆಯುತ್ತಿವೆ ಎಂಬುದು ಈ ಟಿಪ್ಪಣಿಯ ವಿಷಯ. ಖಾತರಿ ಪತ್ರಗಳು ವರ್ಷಗಳ ಲೆಕ್ಕ ಹೇಳುತ್ತವೆ. ಬಾಡಿಗೆಯ ಮಾರ್ಗದರ್ಶಿಗಳು ನೀರಿಗಿಳಿದ ದಿನಗಳ ಲೆಕ್ಕ ಹೇಳುತ್ತಾರೆ. ಪ್ರಯೋಗಾಲಯಗಳು ಉಜ್ಜಿದ ಆವರ್ತನಗಳ ಲೆಕ್ಕ ಹೇಳುತ್ತವೆ. ಈ ಮೂರನ್ನೂ ಒಂದೇ ಎಂಬಂತೆ ಬೆರೆಸಿದಾಗ ಭಿನ್ನಾಭಿಪ್ರಾಯದ ಗಣನೀಯ ಭಾಗ ಹುಟ್ಟುತ್ತದೆ ಎಂದು ತೋರುತ್ತದೆ.

ವ್ಯಾಪ್ತಿ ಉತ್ತರ ಅಮೆರಿಕ ಮತ್ತು ಬ್ರಿಟನ್‌ಗಳಿಗೆ ಸೀಮಿತ. ಕಾವೇರಿಯ ಮಹಶೀರ್ ಗಾಳಗಾರಿಕೆ ಹರಿಗೋಲು ಮತ್ತು ದಡದ ಬಂಡೆಗಳನ್ನು ಆಶ್ರಯಿಸಿದ್ದು. ಅಲ್ಲಿನ ನೀರು ಬೆಚ್ಚಗಿರುವುದರಿಂದ ವೇಡರ್ ಅಗತ್ಯವಾಗುವುದು ವಿರಳ. ಆದ್ದರಿಂದ ಅದನ್ನು ಇಲ್ಲಿ ಪರಿಗಣಿಸಿಲ್ಲ.

2. ವರ್ಗೀಕರಣ

ಪಾದದ ರಚನೆಯನ್ನು ನೋಡಿದರೆ ವೇಡರ್‌ಗಳು ಎರಡು ಬಗೆ. ಬೂಟ್‌ಫುಟ್ ಮಾದರಿಯಲ್ಲಿ ಗಮ್‌ಬೂಟು ಉಡುಪಿಗೇ ಬೆಸೆದಿರುತ್ತದೆ. ಸ್ಟಾಕಿಂಗ್‌ಫುಟ್ ಮಾದರಿಯಲ್ಲಿ ಉಡುಪು ನಿಯೊಪ್ರೀನ್ ಕಾಲುಚೀಲದಲ್ಲಿ ಮುಗಿಯುತ್ತದೆ. ಅದರ ಮೇಲೆ ಪ್ರತ್ಯೇಕ ಬೂಟು ಹಾಕಿಕೊಳ್ಳಬೇಕು.

ವಸ್ತುವನ್ನು ನೋಡಿದರೆ ಸ್ಥೂಲವಾಗಿ ನಾಲ್ಕು ಬಗೆ: (ಅ) ರಬ್ಬರ್ ಅಥವಾ ರಬ್ಬರ್ ಲೇಪದ ಬಟ್ಟೆ, (ಆ) ಪಿವಿಸಿ ಲೇಪದ ನೈಲಾನ್, (ಇ) ನಿಯೊಪ್ರೀನ್, (ಈ) ಆವಿಯನ್ನು ಹೊರಬಿಡುವ ಪೊರೆಯುಳ್ಳ ಪದರಬಟ್ಟೆ. ಬೆಲೆಯ ವಿವಾದ ಬಹುಪಾಲು ನಾಲ್ಕನೆಯ ವರ್ಗದೊಳಗಿನದು. ಆ ವರ್ಗದಲ್ಲಿ ಅಗ್ಗದವು ಸಾಮಾನ್ಯವಾಗಿ ಪಾಲಿಯುರೆಥೇನ್ ಲೇಪ ಅಥವಾ ಪೊರೆಯನ್ನೂ, ದುಬಾರಿಯವುಗಳಲ್ಲಿ ಹಲವು ಗೋರ್‌ಟೆಕ್ಸ್ ಬಗೆಯ ಹಿಗ್ಗಿಸಿದ ಪಿಟಿಎಫ್‌ಇ ಪೊರೆಯನ್ನೂ ಬಳಸಿವೆ. ಇದಕ್ಕೆ ಅಪವಾದಗಳಿವೆ, ಬೆಲೆಯೊಂದರಿಂದಲೇ ಪೊರೆಯ ಬಗೆಯನ್ನು ಊಹಿಸಬಾರದು.

3. ಕಾಲಾನುಕ್ರಮ ಮತ್ತು ಅದರ ವ್ಯತ್ಯಾಸಗಳು

ಈ ಉಡುಪಿನ ಇತಿಹಾಸ ಹೇಳುವಾಗ ಬಳಕೆಯಾಗುವ ಇಸವಿಗಳಲ್ಲಿ ವ್ಯತ್ಯಾಸವಿದೆ. ಶೋಧ, ಪೇಟೆಂಟ್ ಅರ್ಜಿ, ಪೇಟೆಂಟ್ ಮಂಜೂರಾತಿ ಮತ್ತು ಮಾರಾಟ ಎಂಬ ನಾಲ್ಕು ಘಟನೆಗಳನ್ನು ಬೇರ್ಪಡಿಸಿದರೆ ಬಹಳಷ್ಟು ಗೊಂದಲ ನೀಗುತ್ತದೆ.

3.1. ಚಾರ್ಲ್ಸ್ ಮ್ಯಾಕಿಂಟಾಷ್‌ಗೆ ರಬ್ಬರ್ ದ್ರಾವಣದಿಂದ ಎರಡು ಬಟ್ಟೆಗಳನ್ನು ಬೆಸೆಯುವ ವಿಧಾನಕ್ಕೆ ಪೇಟೆಂಟ್ ದೊರೆತದ್ದು 1823ರಲ್ಲಿ. ಆ ರಬ್ಬರ್ ಸೆಕೆಯಲ್ಲಿ ಜಿಗುಟಾಗುತ್ತಿತ್ತು, ಚಳಿಯಲ್ಲಿ ಪೆಡಸಾಗುತ್ತಿತ್ತು.

3.2. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಸ್ಥಿರಗೊಳಿಸುವ ವಲ್ಕನೀಕರಣಕ್ಕೆ 1839, 1843, 1844 ಎಂಬ ಮೂರು ಇಸವಿಗಳು ಸಿಗುತ್ತವೆ. ಚಾರ್ಲ್ಸ್ ಗುಡ್‌ಇಯರ್‌ನ ಶೋಧಕ್ಕೆ ಹೇಳುವ ವರ್ಷ 1839. ಥಾಮಸ್ ಹ್ಯಾಂಕಾಕ್ ಬ್ರಿಟನ್ನಿನಲ್ಲಿ ಪೇಟೆಂಟ್ ಕೋರಿದ್ದು 1843ರ ನವೆಂಬರ್‌ನಲ್ಲಿ. ಗುಡ್‌ಇಯರ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1844ರ ಜೂನ್ 15ರಂದು. ಮೂರೂ ಸರಿ, ಆದರೆ ಮೂರು ಬೇರೆ ಘಟನೆಗಳು.

3.3. ನಿಯೊಪ್ರೀನ್ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ದೊರೆತದ್ದು 1930ರಲ್ಲಿ. ಡ್ಯೂಪ್ರೀನ್ ಎಂಬ ಹೆಸರಿನಿಂದ ಪ್ರಕಟವಾದದ್ದು 1931ರಲ್ಲಿ. ವೇಡರ್‌ಗಳಲ್ಲಿ ಅದು ವ್ಯಾಪಕವಾದದ್ದು ಹಲವು ದಶಕಗಳ ನಂತರ, ಮುಖ್ಯವಾಗಿ 1980ರ ದಶಕದಲ್ಲಿ.

3.4. ಹಿಗ್ಗಿಸಿದ ಪಿಟಿಎಫ್‌ಇ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ರಾಬರ್ಟ್ ಗೋರ್‌ನ ಶೋಧ 1969ರದು. ಅಮೆರಿಕದ ಪೇಟೆಂಟ್ (ಸಂಖ್ಯೆ 3953566) 1976ರ ಏಪ್ರಿಲ್‌ನದು. ಆದರೆ ನ್ಯೂಜಿಲೆಂಡಿನ ಜಾನ್ ಕ್ರಾಪರ್ 1966ರಲ್ಲೇ ಇಂಥ ವಸ್ತು ತಯಾರಿಸುವ ಯಂತ್ರವನ್ನು ರೂಪಿಸಿ, ಅದನ್ನು ವ್ಯಾಪಾರ ರಹಸ್ಯವಾಗಿ ಉಳಿಸಿಕೊಂಡಿದ್ದ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 1983ರಲ್ಲಿ ಗೋರ್ ಮತ್ತು ಗಾರ್ಲಾಕ್ ಸಂಸ್ಥೆಗಳ ವ್ಯಾಜ್ಯದಲ್ಲಿ ಈ ಸಂಗತಿಯನ್ನೂ ಪರಿಶೀಲಿಸಿತು. ‘ಮೊದಲು’ ಎಂಬ ಪದ ಬಳಸುವವರು ಶೋಧವೋ ಪೇಟೆಂಟೋ ಎಂದು ಸ್ಪಷ್ಟಪಡಿಸುವುದು ಒಳ್ಳೆಯದು.

3.5. ಆ ಪೊರೆ ವೇಡರ್‌ಗೆ ಬಂದದ್ದು ತಡವಾಗಿ, 1990ರ ದಶಕದ ಮೊದಲ ಭಾಗದಲ್ಲಿ. ಅದರಲ್ಲಿ ಸಿಮ್ಸ್ ಸಂಸ್ಥೆಯ ಪಾತ್ರ ಮುಖ್ಯವಾದದ್ದು. 1980ರಲ್ಲಿ ವಯೋಮಿಂಗ್‌ನ ಜ್ಯಾಕ್ಸನ್‌ನಲ್ಲಿ ಆರಂಭವಾದ ಸಿಮ್ಸ್ ನಂತರ ಮೊಂಟಾನಾದ ಬೋಜ್‌ಮನ್‌ಗೆ ನೆಲೆ ಬದಲಿಸಿತು.

4. ನೀರು ತಡೆಯುವ ಶಕ್ತಿಗೂ ಬೆಲೆಗೂ ಇರುವ ಸಂಬಂಧ

ಬಟ್ಟೆಯ ಜಲನಿರೋಧವನ್ನು ಅದು ತಾಳುವ ನೀರಿನ ಸ್ತಂಭದ ಎತ್ತರದಿಂದ ಅಳೆಯುವುದು ರೂಢಿ. ಐಎಸ್‌ಒ 811 ಎಂಬ ಮಾನದಂಡ (1981, ಪರಿಷ್ಕರಣೆ 2018) ಇದರ ಕ್ರಮವನ್ನು ನಿಗದಿಪಡಿಸುತ್ತದೆ. 1 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 9.8 ಕಿಲೊಪಾಸ್ಕಲ್, ಅಂದರೆ 1,000 ಮಿ.ಮೀ. ಸ್ತಂಭ. ಎದೆಮಟ್ಟದ ನೀರಿನಲ್ಲಿ ನಿಂತವರ ಪಾದದ ಬಳಿ ಆಳ 1.2 ಮೀಟರ್ ಎಂದುಕೊಂಡರೆ ಅಗತ್ಯವಾದದ್ದು 1,200 ಮಿ.ಮೀ. ಮಾತ್ರ. ಹೋಲಿಕೆಗೆ, ಮಳೆಯುಡುಪಿನ ಯುರೋಪಿಯನ್ ಮಾನದಂಡ ಇಎನ್ 343ರ ಮೂರನೆಯ ದರ್ಜೆ ಕೇಳುವುದು 13,000 ಪಾಸ್ಕಲ್, ಸುಮಾರು 1,300 ಮಿ.ಮೀ.; 2019ರ ಪರಿಷ್ಕರಣೆಯಲ್ಲಿ ಸೇರಿದ ನಾಲ್ಕನೆಯ ದರ್ಜೆ ಕೇಳುವುದು 20,000 ಪಾಸ್ಕಲ್.

ಮಂಡಿಯೂರಿದಾಗ ಒತ್ತಡ ಬೇರೆಯೇ ಆಗುತ್ತದೆ. 80 ಕಿಲೊ ತೂಕದ ವ್ಯಕ್ತಿಯ ಅರ್ಧ ಭಾರ ಒಂದು ಮಂಡಿಯ 50 ಚದರ ಸೆಂ.ಮೀ. ಮೇಲೆ ಬಿದ್ದರೆ ಒತ್ತಡ ಸುಮಾರು 78 ಕಿಲೊಪಾಸ್ಕಲ್, ಅಂದರೆ ಸುಮಾರು 8,000 ಮಿ.ಮೀ. ಸ್ತಂಭ. ಮಂಡಿಯ ವಿಸ್ತೀರ್ಣ ಇಲ್ಲಿ ಅಂದಾಜಿನದು. ಅದು ಅರ್ಧವಾದರೆ ಒತ್ತಡ ಇಮ್ಮಡಿಯಾಗುತ್ತದೆ. ಅಗ್ಗದ ಲೇಪದ ಬಟ್ಟೆ ಹೊಸದಿರುವಾಗ ನಿಂತ ನೀರಿನ ಅಗತ್ಯವನ್ನು ಸುಲಭವಾಗಿ ಪೂರೈಸುತ್ತದೆ. ಮಂಡಿ ಮತ್ತು ಕೂರುವ ಭಾಗಗಳಲ್ಲಿ ಮಾತ್ರ ಅಂಚು ಕಿರಿದಾಗಬಹುದು. ಹಾಗಾಗಿ, ಹೊಸ ಜೋಡಿಗಳನ್ನು ಹೋಲಿಸಿ ದುಬಾರಿಯದು ಹೆಚ್ಚು ಜಲನಿರೋಧಕ ಎನ್ನುವುದು ಸಂಖ್ಯೆಯಲ್ಲಿ ನಿಜವಾದರೂ ಬಳಕೆಯಲ್ಲಿ ಅದರ ಮಹತ್ವ ಕಡಿಮೆ.

5. ಸೋರಿಕೆ ಮತ್ತು ಬೆವರು

ಬಾಳಿಕೆಯ ಹೇಳಿಕೆಗಳಲ್ಲಿ ‘ಸೋರಿತು’ ಎಂದು ದಾಖಲಾದದ್ದೆಲ್ಲ ಸೋರಿಕೆ ಆಗಿರಬೇಕಿಲ್ಲ. ಒಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರ್ಯಾಪ್ತವಾಗಿದ್ದರೆ ಅದರ ಆವಿಯ ಒತ್ತಡ ಸುಮಾರು 4.2 ಕಿಲೊಪಾಸ್ಕಲ್, 10 ಡಿಗ್ರಿಯ ನೀರಿನ ಮಗ್ಗುಲಲ್ಲಿ ಅದು ಸುಮಾರು 1.2. ಈ ಇಳಿಜಾರು ಇರುವುದರಿಂದ ಪೊರೆ ನೀರಿನೊಳಗೆ ಆವಿಯನ್ನು ಹೊರಬಿಡುವುದೇ ಇಲ್ಲ ಎಂಬ ಜನಪ್ರಿಯ ಹೇಳಿಕೆ ನಿಲ್ಲುವುದಿಲ್ಲ. ಆದರೆ ಬಟ್ಟೆಯೂ ನೀರಿನಷ್ಟೇ ತಣ್ಣಗಿರುವುದರಿಂದ ಆವಿಯ ಒಂದು ಪಾಲು ಹೊರಹೋಗುವ ಮೊದಲೇ ಒಳಮೈಯಲ್ಲಿ ಹನಿಗಟ್ಟುತ್ತದೆ. ತೇವ ಎರಡೂ ಕಾಲುಗಳಲ್ಲಿ ಸಮವಾಗಿ ಹರಡಿದ್ದರೆ ಬೆವರೆಂದೂ, ಒಂದೆಡೆ ಗುಂಪುಗೂಡಿದ್ದರೆ ಸೋರಿಕೆಯೆಂದೂ ತಾತ್ಕಾಲಿಕವಾಗಿ ಭಾವಿಸಬಹುದು.

ಆವಿ ಹೊರಬಿಡುವ ಸಾಮರ್ಥ್ಯದ ಸಂಖ್ಯೆಗಳನ್ನೂ ಎಚ್ಚರದಿಂದ ಓದಬೇಕು. ಎಎಸ್‌ಟಿಎಂ ಇ96, ಜೆಐಎಸ್ ಎಲ್ 1099, ಐಎಸ್‌ಒ 11092 ಎಂಬ ಮೂರು ಪರೀಕ್ಷೆಗಳ ಸನ್ನಿವೇಶಗಳು ಬೇರೆ ಬೇರೆ. ಒಂದರ ಫಲಿತಾಂಶವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಲಾಗದು. ಎರಡು ಸಂಸ್ಥೆಗಳು ತಮಗೆ ಒಪ್ಪಿದ ಪರೀಕ್ಷೆಯ ಸಂಖ್ಯೆ ಮುದ್ರಿಸಿದಾಗ ಕೊಳ್ಳುವವರಿಗೆ ಅದರಿಂದ ಹೋಲಿಕೆಯ ಆಧಾರ ಸಿಗುವುದಿಲ್ಲ.

6. ಸೋರಿಕೆಯ ನೆಲೆಗಳು

ಸೋರಿಕೆ ಬಟ್ಟೆಯ ವಿಶಾಲ ಮೈಯಿಂದ ಆರಂಭವಾಗುವುದು ಕಡಿಮೆ. ಪದೇಪದೇ ಹೆಸರಾಗುವ ನೆಲೆಗಳು ನಾಲ್ಕು:

(ಅ) ತೊಡೆಗಳ ನಡುವಿನ ಸಂದು, ನಡೆಯುವಾಗ ಒಂದಕ್ಕೊಂದು ಉಜ್ಜುವುದರಿಂದ;
(ಆ) ಕಾಲುಚೀಲ ಮತ್ತು ಬಟ್ಟೆ ಕೂಡುವ ಸಂದು, ಎರಡು ವಸ್ತುಗಳ ಹಿಗ್ಗು ಬೇರೆಯಾಗಿರುವುದರಿಂದ;
(ಇ) ಕಾಲುಚೀಲದ ಅಡಿ, ಬೂಟಿನೊಳಗೆ ಸೇರಿದ ಮರಳು ಮತ್ತು ಹರಳುಕಲ್ಲಿನಿಂದ;
(ಈ) ಮಂಡಿಯಿಂದ ಕೆಳಗಿನ ಭಾಗ, ಮುಳ್ಳು ಮತ್ತು ಬೇಲಿತಂತಿಯ ಚುಚ್ಚುಗಳಿಂದ.

ದುಬಾರಿ ಮಾದರಿಗಳಲ್ಲಿ ಹಣ ಹೋಗಿರುವುದು ಬಹುಮಟ್ಟಿಗೆ ಈ ನೆಲೆಗಳಿಗೇ. ಮೇಲ್ಭಾಗದಲ್ಲಿ ಮೂರು ಪದರಗಳಿದ್ದರೆ ಕಾಲಿನ ಭಾಗದಲ್ಲಿ ನಾಲ್ಕು ಅಥವಾ ಐದು ಪದರಗಳಿರುತ್ತವೆ. ಕೆಲವು ವಿನ್ಯಾಸಗಳಲ್ಲಿ ಕಾಲಿನ ಹೊಲಿಗೆಯನ್ನು ಒಳತೊಡೆಯಿಂದ ಸರಿಸಿ ಮುಂದಕ್ಕೂ ಹಿಂದಕ್ಕೂ ಒಯ್ದಿದ್ದಾರೆ. ಇವು (ಅ) ಮತ್ತು (ಈ) ನೆಲೆಗಳಲ್ಲಿ ನಿಜವಾದ ಸುಧಾರಣೆ ಎನ್ನಬಹುದು. (ಇ) ನೆಲೆಯಲ್ಲಿ ಬೆಲೆಯಿಂದ ಆಗುವ ಅನುಕೂಲ ಸಣ್ಣದು: ಮರಳು ದುಬಾರಿ ನಿಯೊಪ್ರೀನನ್ನೂ ಅಗ್ಗದ ನಿಯೊಪ್ರೀನನ್ನೂ ಸವೆಸುತ್ತದೆ, ಮತ್ತು ಬೂಟನ್ನು ತೊಳೆಯುವ ಅಭ್ಯಾಸ ಇಲ್ಲಿ ಬೆಲೆಗಿಂತ ಮುಖ್ಯವಾಗುತ್ತದೆ.

7. ಎರಡು ಬಗೆಯ ಕ್ಷಯ

ಈ ಟಿಪ್ಪಣಿಯ ಮುಖ್ಯ ಭೇದ ಇಲ್ಲಿದೆ. ವೇಡರ್ ಹಾಳಾಗುವುದು ಎರಡು ದಾರಿಗಳಲ್ಲಿ. ಎರಡರ ಗಡಿಯಾರಗಳು ಬೇರೆ.

7.1. ಬಳಕೆಯ ಕ್ಷಯ. ಉಜ್ಜುವಿಕೆ, ಚುಚ್ಚು, ಮಡಿಕೆಯ ದಣಿವು. ಇದು ನೀರಿಗಿಳಿದ ದಿನಗಳ ಜತೆ ಏರುತ್ತದೆ. ಪದರಗಳ ಸಂಖ್ಯೆ ಮತ್ತು ಹೊಲಿಗೆಯ ವಿನ್ಯಾಸ, ಅಂದರೆ ಬೆಲೆ, ಇದನ್ನು ನಿಧಾನಗೊಳಿಸಬಲ್ಲವು.

7.2. ಕಾಲದ ಕ್ಷಯ. ಇದು ವೇಡರ್ ಗೂಟಕ್ಕೆ ತೂಗಿದ್ದಾಗಲೂ ನಡೆಯುತ್ತದೆ. ಪಾಲಿಎಸ್ಟರ್ ಮೂಲದ ಪಾಲಿಯುರೆಥೇನ್ ತೇವ ಮತ್ತು ಶಾಖದಲ್ಲಿ ಜಲವಿಭಜನೆಗೊಂಡು ಜಿಗುಟಾಗಿ ಬಿಟ್ಟುಕೊಳ್ಳುತ್ತದೆ. ಪಾಲಿಈಥರ್ ಮೂಲದ್ದು ಇದಕ್ಕೆ ಹೆಚ್ಚು ತಾಳುತ್ತದೆ, ಆದರೆ ಬೆಳಕು ಮತ್ತು ಆಕ್ಸಿಡೀಕರಣಕ್ಕೆ ಹೆಚ್ಚು ಈಡಾಗುತ್ತದೆ. ನೈಸರ್ಗಿಕ ರಬ್ಬರಿನ ಬೂಟು ಓಜೋನ್‌ನಿಂದ ಬಿರುಕುಬಿಡುತ್ತದೆ, ಅದೂ ಎಳೆತಕ್ಕೆ ಅಥವಾ ಮಡಿಕೆಗೆ ಒಳಗಾದ ಕಡೆ. ಸಂದುಪಟ್ಟಿಯ ಅಂಟು ಸಡಿಲವಾಗುತ್ತದೆ. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಗಮನಿಸಬೇಕಾದದ್ದು: ಪಿಟಿಎಫ್‌ಇ ಪೊರೆಗೆ ಜಲವಿಭಜನೆಯ ಭಯವಿಲ್ಲ. ಆದರೆ ಅದನ್ನು ಬೆಸೆದ ಅಂಟಿಗೂ ಹೊಲಿಗೆ ಮುಚ್ಚಿದ ಪಟ್ಟಿಗೂ ಅದೇ ಅಭಯ ಇರಬೇಕಿಲ್ಲ. ಆದ್ದರಿಂದ ದುಬಾರಿ ಜೋಡಿ ಕಾಲದ ಕ್ಷಯವನ್ನು ತಡವಾಗಿಸಬಹುದು. ಬೆಲೆಯ ಅನುಪಾತದಲ್ಲಿಯೇ ತಡವಾಗಿಸುತ್ತದೆ ಎನ್ನಲು ಆಧಾರ ಸಾಲದು.

8. ಖಾತರಿ, ದುರಸ್ತಿ ಮತ್ತು ನಿಯಮಗಳು

8.1. ಖಾತರಿಯ ಮಾತು ಬದಲಾಗಬಲ್ಲದು. ಎಲ್.ಎಲ್. ಬೀನ್ ಸಂಸ್ಥೆ 1912ರಿಂದ ಹೊಂದಿದ್ದ ಮಿತಿಯಿಲ್ಲದ ಮರಳಿಕೆಯ ಪದ್ಧತಿಯನ್ನು 2018ರ ಫೆಬ್ರವರಿಯಲ್ಲಿ ಒಂದು ವರ್ಷಕ್ಕೆ, ಕೊಂಡ ರಸೀದಿಯ ಷರತ್ತಿನೊಂದಿಗೆ ಇಳಿಸಿತು. ಆ ಬಳಿಕ ತಯಾರಿಕೆಯ ದೋಷಗಳನ್ನು ಮಾತ್ರ ಪರಿಗಣಿಸುವುದಾಗಿ ಹೇಳಿತು. ಸಿಮ್ಸ್ ಸಂಸ್ಥೆಯನ್ನು 2022ರಲ್ಲಿ ವಿಸ್ಟಾ ಔಟ್‌ಡೋರ್ ಕೊಂಡಿತು. ಹತ್ತು ವರ್ಷದ ಲೆಕ್ಕ ಹಾಕುವಾಗ ಕೊಂಡ ದಿನದ ಷರತ್ತು ಮತ್ತು ಒಡೆತನ ಅವಧಿಯುದ್ದಕ್ಕೂ ಹಾಗೆಯೇ ಇರುತ್ತವೆ ಎಂದು ಭಾವಿಸುವಂತಿಲ್ಲ.

8.2. ಸೂಜಿಮೊನೆಯಷ್ಟು ರಂಧ್ರ ಹುಡುಕುವ ರೂಢಿಯ ವಿಧಾನವೆಂದರೆ ಒಳಮೈ ಹೊರಗೆ ಮಾಡಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸುವುದು; ರಂಧ್ರವಿರುವಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಇದು ಗೋರ್‌ಟೆಕ್ಸ್ ಬಟ್ಟೆಯಲ್ಲಿ ಚೆನ್ನಾಗಿ ಕಾಣುತ್ತದೆ, ಇತರ ಹಲವು ಬಟ್ಟೆಗಳಲ್ಲಿ ಅಷ್ಟು ಸ್ಪಷ್ಟವಲ್ಲ. ರಂಧ್ರ ಸಿಕ್ಕರೆ ಯುರೆಥೇನ್ ಅಂಟಿನ ಒಂದು ಬೊಟ್ಟು ಸಾಕಾಗುತ್ತದೆ. ಅಗ್ಗದ ಬಟ್ಟೆಯೂ ತೇಪೆ ಹಿಡಿಯುತ್ತದೆ; ಅಲ್ಲಿನ ತೊಡಕು ಸೋರುವ ಜಾಗ ಪತ್ತೆಹಚ್ಚುವುದು. ದುರಸ್ತಿಯ ಸಾಧ್ಯತೆಯಲ್ಲಿರುವ ಈ ವ್ಯತ್ಯಾಸ ಬೆಲೆಯ ಚರ್ಚೆಯಲ್ಲಿ ಉಲ್ಲೇಖವಾಗುವುದು ಕಡಿಮೆ.

8.3. ಬಾಳಿಕೆ ಮುಗಿಯುವ ಮೊದಲೇ ನಿಯಮದಿಂದ ಬಳಕೆ ನಿಲ್ಲುವುದೂ ಉಂಟು. ಜಲಚರ ಪಿಡುಗುಗಳು ಒಂದು ಹೊಳೆಯಿಂದ ಇನ್ನೊಂದಕ್ಕೆ ಹರಡದಿರಲೆಂದು ಫೆಲ್ಟ್ ಅಡಿಯ ಬೂಟುಗಳನ್ನು ನ್ಯೂಜಿಲೆಂಡ್ 2008ರಲ್ಲಿ, ಮೇರಿಲ್ಯಾಂಡ್ ಮತ್ತು ವರ್ಮಾಂಟ್ 2011ರಲ್ಲಿ, ಅಲಾಸ್ಕಾ 2012ರಲ್ಲಿ ನಿಷೇಧಿಸಿದವು. ವರ್ಮಾಂಟ್ 2016ರಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಇಂಥ ನಿಯಮ ಬಂದಾಗ ಸ್ಟಾಕಿಂಗ್‌ಫುಟ್ ಬಳಸುವವರು ಬೂಟನ್ನಷ್ಟೇ ಬದಲಿಸಬೇಕು. ಫೆಲ್ಟ್ ಅಡಿಯ ಬೂಟ್‌ಫುಟ್ ಹೊಂದಿದವರಿಗೆ ಇಡೀ ಉಡುಪೇ ಆ ಪ್ರದೇಶದಲ್ಲಿ ನಿರುಪಯುಕ್ತ.

9. ಒಂದು ಮಾದರಿ ಲೆಕ್ಕ

ಕೆಳಗಿನ ಸಂಖ್ಯೆಗಳು ಸಂಬಂಧವನ್ನು ತೋರಿಸಲು ಊಹಿಸಿಕೊಂಡವು, ಅಳತೆಯಿಂದ ಬಂದವಲ್ಲ. ಅಗ್ಗದ ಜೋಡಿ 150 ಡಾಲರ್. ಬಾಳಿಕೆ 60 ದಿನಗಳ ಬಳಕೆ ಅಥವಾ 5 ವರ್ಷ, ಯಾವುದು ಮೊದಲೋ ಅದು. ದುಬಾರಿ ಜೋಡಿ 600 ಡಾಲರ್. ಬಾಳಿಕೆ 300 ದಿನಗಳ ಬಳಕೆ ಅಥವಾ 10 ವರ್ಷ. ವಾರ್ಷಿಕ ವೆಚ್ಚ ಹೀಗಾಗುತ್ತದೆ:

ವರ್ಷಕ್ಕೆ 10 ದಿನ: ಅಗ್ಗದ್ದು 30 ಡಾಲರ್, ದುಬಾರಿಯದು 60.
ವರ್ಷಕ್ಕೆ 20 ದಿನ: ಅಗ್ಗದ್ದು 50, ದುಬಾರಿಯದು 60.
ವರ್ಷಕ್ಕೆ 30 ದಿನ: ಅಗ್ಗದ್ದು 75, ದುಬಾರಿಯದು 60.
ವರ್ಷಕ್ಕೆ 100 ದಿನ: ಅಗ್ಗದ್ದು 250, ದುಬಾರಿಯದು 200.

ಎರಡೂ ಸಮವಾಗುವುದು ವರ್ಷಕ್ಕೆ 24 ದಿನಗಳಲ್ಲಿ. ಅದಕ್ಕಿಂತ ಕಡಿಮೆ ಬಳಸುವವರ ದುಬಾರಿ ಜೋಡಿ ಬಳಕೆಯಿಂದ ಸವೆಯುವ ಮೊದಲೇ ಕಾಲದಿಂದ ಮುಗಿಯುತ್ತದೆ. ಕೊಂಡ ಸಾಮರ್ಥ್ಯದ ಒಂದು ಭಾಗ ಬಳಕೆಯಾಗದೆ ಉಳಿಯುತ್ತದೆ.

ಆದರೆ ಈ 24ರ ಮೇಲೆ ಭಾರ ಹಾಕಬಾರದು. ಅಗ್ಗದ ಜೋಡಿಯ ಬಾಳಿಕೆಯನ್ನು 60ರಿಂದ 80 ದಿನಕ್ಕೆ ಏರಿಸಿದರೆ ದಿನದ ವೆಚ್ಚ 1.875 ಡಾಲರ್ ಆಗುತ್ತದೆ. ದುಬಾರಿಯದರ ಕನಿಷ್ಠ ದಿನವೆಚ್ಚ 2 ಡಾಲರ್. ಅಲ್ಲಿಗೆ ಸಮಬಿಂದು ಇಲ್ಲವಾಗುತ್ತದೆ. ಎಷ್ಟೇ ದಿನ ಬಳಸಿದರೂ ಅಗ್ಗದ್ದೇ ಮೇಲು. ಈಗ ದುಬಾರಿ ಜೋಡಿಗೆ 60 ಡಾಲರ್‌ನ ಒಂದು ದುರಸ್ತಿಯಿಂದ ಇನ್ನೂ 100 ದಿನಗಳ ಬಳಕೆ ಸೇರುತ್ತದೆ ಎಂದು ಊಹಿಸಿದರೆ ಅದರ ಕನಿಷ್ಠ ದಿನವೆಚ್ಚ 1.65ಕ್ಕೆ ಇಳಿದು, ಸಮಬಿಂದು ವರ್ಷಕ್ಕೆ ಸುಮಾರು 35 ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಊಹೆಗಳಲ್ಲಿನ ಸಾಧಾರಣ ಬದಲಾವಣೆಗೇ ತೀರ್ಮಾನ ಎರಡು ಸಲ ತಿರುವುಮುರುವಾಗುತ್ತದೆ. ಸ್ಥಿರವಾಗಿ ಉಳಿಯುವುದು ಎರಡು ಸಂಬಂಧಗಳು: ದುರಸ್ತಿಯನ್ನು ಬದಿಗಿಟ್ಟರೆ, ಬಳಕೆಯ ಬಾಳಿಕೆಯ ಅನುಪಾತ ಬೆಲೆಯ ಅನುಪಾತವನ್ನು ಮೀರದೆ ದುಬಾರಿಯದು ಹೆಚ್ಚು ಬಳಸುವವರಿಗೂ ಲಾಭಕರವಲ್ಲ, ಕಾಲದ ಬಾಳಿಕೆಯ ಅನುಪಾತ ಬೆಲೆಯ ಅನುಪಾತಕ್ಕಿಂತ ಕಡಿಮೆಯಿರುವವರೆಗೆ ಅಪರೂಪಕ್ಕೆ ಬಳಸುವವರಿಗೆ ಅದು ಲಾಭಕರವಲ್ಲ.

ಹಣದಲ್ಲಿ ಹೇಳಲಾಗದ ಎರಡು ಅಂಶಗಳು ಈ ಲೆಕ್ಕದ ಹೊರಗಿವೆ: ಮೈಗೆ ಹೊಂದುವಿಕೆ, ಮತ್ತು ತಣ್ಣೀರಿನಲ್ಲಿ ಮನೆಯಿಂದ ದೂರವಿರುವಾಗ ಆಗುವ ಸೋರಿಕೆಯ ಪರಿಣಾಮ. ಎರಡನೆಯದು ಕೆಲವರಿಗೆ ಬೆಲೆಯ ಇಡೀ ಅಂತರವನ್ನೇ ಸಮರ್ಥಿಸಬಹುದು.

10. ಸಾಕ್ಷ್ಯದ ಮಿತಿಗಳು

ಬಳಕೆದಾರರ ಹೇಳಿಕೆಗಳಲ್ಲಿ ಮೂರು ಬಗೆಯ ವಾಲುವಿಕೆ ಸಂಭವನೀಯ. ದುಬಾರಿಯದನ್ನು ಕೊಂಡವರು ಅದನ್ನು ಹೆಚ್ಚು ಜತನವಾಗಿ ಒಣಗಿಸಿ ತೂಗುಹಾಕಿರಬಹುದು. ಆಗ ಬೆಲೆಯ ಪರಿಣಾಮವೂ ಆರೈಕೆಯ ಪರಿಣಾಮವೂ ಬೆರೆತುಹೋಗುತ್ತವೆ. ಅದಕ್ಕೆ ವಿರುದ್ಧವಾಗಿ, ಅವರು ಹೆಚ್ಚು ದಿನ ನೀರಿಗಿಳಿಯುವವರೂ ಆಗಿರಬಹುದು. ಆಗ ವರ್ಷಗಳಲ್ಲಿ ಹೇಳಿದ ಬಾಳಿಕೆ ದುಬಾರಿಯದರ ಶಕ್ತಿಯನ್ನು ಕಡಿಮೆಮಾಡಿ ತೋರಿಸುತ್ತದೆ. ಮೂರನೆಯದಾಗಿ, ಹದಿನೈದು ವರ್ಷ ಬಾಳಿದ ಜೋಡಿಯ ಕಥೆ ಉಳಿಯುತ್ತದೆ, ಎರಡನೆಯ ವರ್ಷ ಎಸೆದದ್ದರ ದಾಖಲೆ ಉಳಿಯುವುದಿಲ್ಲ.

ಇದಲ್ಲದೆ ವಸ್ತುವೇ ಬದಲಾಗುತ್ತಿದೆ. ನೀರು ಜಾರಿಸುವ ಲೇಪಗಳಲ್ಲಿದ್ದ ಉದ್ದ ಸರಪಣಿಯ ಫ್ಲೋರಿನ್ ಸಂಯುಕ್ತಗಳು ಹಿಂದೆ ಸರಿದಿವೆ. ಬಟ್ಟೆಗಳಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿದ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳ ಮೇಲೆ ಕ್ಯಾಲಿಫೋರ್ನಿಯದ ನಿರ್ಬಂಧ 2025ರ ಜನವರಿ 1ರಿಂದ ಜಾರಿಗೆ ಬಂದಿದೆ, ತೀವ್ರ ತೇವದ ಸನ್ನಿವೇಶದ ಉಡುಪುಗಳಿಗೆ 2028ರವರೆಗೆ ಸಡಿಲಿಕೆಯೊಂದಿಗೆ. ಗೋರ್ ಸಂಸ್ಥೆ 2022ರಿಂದ ಹಿಗ್ಗಿಸಿದ ಪಾಲಿಎಥಿಲೀನ್ ಪೊರೆಯನ್ನು ಮಾರುಕಟ್ಟೆಗೆ ತಂದಿದೆ. 2010ರ ಒಂದು ಮಾದರಿಯ ಬಾಳಿಕೆಯನ್ನು ಅದೇ ಹೆಸರಿನ ಇಂದಿನ ಮಾದರಿಗೆ ಆರೋಪಿಸುವುದು ಸರಿಯಲ್ಲ.

11. ನಿರ್ಣಯ

ಮೇಲಿನ ಪರಿಶೀಲನೆಯಿಂದ ಮೂರು ಸೀಮಿತ ತೀರ್ಮಾನಗಳು ಸಾಧ್ಯ. ಒಂದು, ದುಬಾರಿ ಬೆಲೆ ಮುಖ್ಯವಾಗಿ ಕೊಡುವುದು ಸವೆಯುವ ನೆಲೆಗಳಲ್ಲಿ ತಾಳಿಕೆಯನ್ನು ಮತ್ತು ದುರಸ್ತಿಯ ಅನುಕೂಲವನ್ನು; ಹೊಸದರಲ್ಲಿ ನೀರು ತಡೆಯುವ ಶಕ್ತಿಯಲ್ಲಿರುವ ವ್ಯತ್ಯಾಸ ಬಳಕೆಯ ದೃಷ್ಟಿಯಿಂದ ಚಿಕ್ಕದು. ಎರಡು, ವರ್ಷಕ್ಕೆ ಕೆಲವೇ ದಿನ ನೀರಿಗಿಳಿಯುವವರಿಗೆ ಕಾಲದ ಕ್ಷಯವೇ ನಿರ್ಣಾಯಕವಾಗುವುದರಿಂದ ಅಗ್ಗದ ಅಥವಾ ಮಧ್ಯಮ ಬೆಲೆಯ ಸ್ಟಾಕಿಂಗ್‌ಫುಟ್ ಸಮಂಜಸವೆಂದು ತೋರುತ್ತದೆ. ಮೂರು, ವೃತ್ತಿಯ ಮಾರ್ಗದರ್ಶಿಗಳಂತೆ ಹೆಚ್ಚು ಬಳಸುವವರಿಗೆ ದುಬಾರಿಯದು ಸಮರ್ಥನೀಯವಾಗುವುದು ದುರಸ್ತಿಯ ಸೌಲಭ್ಯ ನಿಜವಾಗಿ ಲಭ್ಯವಿದ್ದು ಅವರು ಅದನ್ನು ಬಳಸಿಕೊಂಡಾಗ.

ಇದಕ್ಕಿಂತ ಹೆಚ್ಚು ಹೇಳಲು ಬೇಕಾದದ್ದು ಸರಳ ದಾಖಲೆ. ವೇಡರ್ ಇಟ್ಟುಕೊಂಡವರು ಕೊಂಡ ದಿನಾಂಕ, ಬೆಲೆ, ನೀರಿಗಿಳಿದ ದಿನಗಳು, ಮೊದಲ ಸೋರಿಕೆಯ ನೆಲೆ, ದುರಸ್ತಿಯ ವೆಚ್ಚ ಎಂಬ ಐದು ಅಂಶಗಳನ್ನು ಬರೆದಿಟ್ಟರೆ ಬಾಳಿಕೆಯನ್ನು ವರ್ಷದಲ್ಲಿ ಹೇಳಬೇಕೋ ದಿನದಲ್ಲಿ ಹೇಳಬೇಕೋ ಎಂಬ ಪ್ರಶ್ನೆಗೆ ಅಳತೆಯಿಂದಲೇ ಉತ್ತರ ದೊರೆಯುತ್ತದೆ. ಗಾಳಗಾರರ ಸಂಘಗಳು ಇಂಥ ದಾಖಲೆಯನ್ನು ಒಂದೇ ನಮೂನೆಯಲ್ಲಿ ಸಂಗ್ರಹಿಸಬೇಕೆಂಬುದು ಈ ಟಿಪ್ಪಣಿಯ ವಿನಂತಿ.